ಸಾಗರದ ಲೆಕ್ಕದಲ್ಲಿ ನಮ್ಮ ನಾಲ್ಕು ಹೊಳೆಗಳು

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾಯಿತೆಂದರೆ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಎಷ್ಟು ಅಡಿ ನೀರಿದೆ, ಕಾಳಿಯ ಅಣೆಕಟ್ಟುಗಳಾದ ಸೂಪಾದ ಒಳಹರಿವು ಎಷ್ಟು, ಕದ್ರಾದಿಂದ ಎಷ್ಟು ಕ್ಯುಸೆಕ್ ಹೊರಬಿಟ್ಟರು ಎಂಬ ಅಂಕಿಗಳು ಪತ್ರಿಕೆಗಳಲ್ಲಿ ದಿನವೂ ಬರುತ್ತವೆ, ನಾವೂ ದಿನವೂ ಓದುತ್ತೇವೆ. ಆದರೆ ಆ ನೀರು ಅಳಿವೆ ದಾಟಿ ಸಮುದ್ರಕ್ಕೆ ಬಿದ್ದ ಕ್ಷಣದಿಂದ ನಮ್ಮ ಲೆಕ್ಕ ನಿಂತುಹೋಗುತ್ತದೆ. ಜಗತ್ತಿನ ಹವಾಮಾನವನ್ನೂ ಸಾಗರವನ್ನೂ ಗಣಕಯಂತ್ರದಲ್ಲಿ ಲೆಕ್ಕ ಹಾಕುವ ಮಾದರಿಗಳಲ್ಲಿಯೂ ಬಹುಮಟ್ಟಿಗೆ ಇದೇ ಸ್ಥಿತಿ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಯಾವ ದಿನ ಎಷ್ಟು ಸಿಹಿನೀರನ್ನು ಸಮುದ್ರಕ್ಕೆ ತಂದವು, ಆ ನೀರು ಅಳಿವೆಯಲ್ಲಿ ಎಷ್ಟು ಉಪ್ಪನ್ನು ಬೆರೆಸಿಕೊಂಡು ಹೊರಗೆ ಹೋಯಿತು ಎಂಬುದನ್ನು ಅವು ಅಂದಾಜಿನ ಮೇಲೆ ಮುಗಿಸಿಬಿಡುತ್ತವೆ. ಕರಾವಳಿಯವರಿಗೆ ಇದು ದೂರದ ವಿಜ್ಞಾನದ ವಿಷಯವಲ್ಲ. ಈ ಕೊರತೆಯನ್ನು ತುಂಬಲು ಬೇಕಾದ ಮಾಹಿತಿಯ ಒಂದು ಭಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸಾಗರ ಮಾದರಿ ಎಂದರೆ ಇಡೀ ಸಮುದ್ರವನ್ನು ಚೌಕಗಳಾಗಿಯೂ ಪದರಗಳಾಗಿಯೂ ಕತ್ತರಿಸಿ, ಪ್ರತಿ ತುಂಡಿನ ಉಷ್ಣತೆ, ಲವಣಾಂಶ ಮತ್ತು ಪ್ರವಾಹದ ವೇಗವನ್ನು ಭೌತವಿಜ್ಞಾನದ ಸಮೀಕರಣಗಳಿಂದ ಗಂಟೆಗಂಟೆಗೆ ಲೆಕ್ಕ ಹಾಕುತ್ತ ಹೋಗುವ ಕ್ರಮ. ದಶಕಗಳ ಹವಾಮಾನ ಬದಲಾವಣೆಯನ್ನು ಅಂದಾಜಿಸುವ ಬಹಳಷ್ಟು ಜಾಗತಿಕ ಮಾದರಿಗಳಲ್ಲಿ ಒಂದು ಚೌಕದ ಅಳತೆ ಸುಮಾರು ಒಂದು ಡಿಗ್ರಿ, ಅಂದರೆ ನಮ್ಮ ಅಕ್ಷಾಂಶದಲ್ಲಿ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕಾರವಾರದ ಕಾಳಿ ಅಳಿವೆಯಿಂದ ಹೊನ್ನಾವರದ ಶರಾವತಿ ಅಳಿವೆಗೆ ನೇರ ದೂರ ಎಪ್ಪತ್ತು ಕಿಲೋಮೀಟರ್ ಮೀರುವುದಿಲ್ಲ, ಮತ್ತು ನಾಲ್ಕೂ ಅಳಿವೆಗಳು 14 ಮತ್ತು 15 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆಯೇ ಇವೆ. ಹೀಗಾಗಿ ನಾಲ್ಕು ಹೊಳೆಗಳೂ ಒಂದೇ ಚೌಕದೊಳಗೆ ಕರಗಿಹೋಗುತ್ತವೆ. ಚೌಕವನ್ನು ಕಾಲು ಡಿಗ್ರಿಗೆ ಇಳಿಸಿದರೂ ಅದರ ಬದಿ ಇಪ್ಪತ್ತೇಳು ಕಿಲೋಮೀಟರಿನಷ್ಟಾಗುತ್ತದೆ. ಒಂದು ಕಿಲೋಮೀಟರಿನ ಆಸುಪಾಸಿನ ಅಗಲದ ಅಳಿವೆ ಅದರಲ್ಲಿಯೂ ಕಾಣಿಸದು.

ಅಳಿವೆ ಕಾಣದ ಮಾದರಿಗೆ ನದಿಯನ್ನು ಸೇರಿಸುವುದು ಹೇಗೆ ಎಂಬುದು ತಜ್ಞರನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. ಹಳೆಯ ಮಾದರಿಗಳಲ್ಲಿ ಸಮುದ್ರದ ಮೇಲ್ಮೈಯನ್ನು ಏರದ, ಇಳಿಯದ ಮುಚ್ಚಳದಂತೆ ಭಾವಿಸಲಾಗುತ್ತಿತ್ತಾದ್ದರಿಂದ ಅವುಗಳಿಗೆ ಹೊಸದಾಗಿ ನೀರು ಸೇರಿಸುವುದೇ ಸಾಧ್ಯವಿರಲಿಲ್ಲ. ನೀರು ಸೇರಿಸುವ ಬದಲು, ಅಷ್ಟು ನೀರು ಬಂದಿದ್ದರೆ ಲವಣಾಂಶ ಎಷ್ಟು ಕಡಿಮೆಯಾಗುತ್ತಿತ್ತೋ ಅಷ್ಟು ಉಪ್ಪನ್ನು ಲೆಕ್ಕದಲ್ಲಿ ಹೊರತೆಗೆಯುತ್ತಿದ್ದರು. ಇದಕ್ಕೆ ಬಳಸುವ ಆಧಾರ ಲವಣಾಂಶ ಇಡೀ ಜಗತ್ತಿಗೆ ಒಂದೇ. ಕೆಲವು ಮಾದರಿಗಳಲ್ಲಿ ಅದು ಕಿಲೋ ನೀರಿಗೆ 34.7 ಗ್ರಾಂ. ದೊಡ್ಡ ನದಿಯ ಬಾಯಲ್ಲಿ ನೀರು ಆಗಲೇ ಸಪ್ಪೆಯಾಗಿರುವಾಗಲೂ 34.7ರ ಲೆಕ್ಕದಲ್ಲೇ ಉಪ್ಪು ತೆಗೆಯುತ್ತ ಹೋದರೆ ಲವಣಾಂಶ ಸೊನ್ನೆಗಿಂತ ಕೆಳಗಿಳಿಯುವ ಅಸಂಬದ್ಧವೂ ಸಂಭವಿಸುತ್ತದೆ. ಅದನ್ನು ತಪ್ಪಿಸಲು ನದಿಯ ನೀರನ್ನು ಅಳಿವೆಯಲ್ಲಿ ಬಿಡದೆ ಇನ್ನೂರು ಮುನ್ನೂರು ಕಿಲೋಮೀಟರ್ ಸುತ್ತಳತೆಯ ಸಮುದ್ರದ ಮೇಲೆ ತೆಳ್ಳಗೆ ಸವರುವ ರೂಢಿ ಬಂತು. ಇಷ್ಟಾದ ಮೇಲೂ ಮಾದರಿಯ ಲವಣಾಂಶ ದಾರಿ ತಪ್ಪದಿರಲೆಂದು ಅದನ್ನು ಹಳೆಯ ಸರಾಸರಿ ಅಳತೆಗಳ ಕಡೆಗೆ ಮತ್ತೆ ಮತ್ತೆ ಎಳೆದು ತರುವ ತಿದ್ದುಪಡಿಯನ್ನು ಅನೇಕ ಕಡೆ ಸೇರಿಸುತ್ತಾರೆ. ಈ ಎಳೆತ ಇರುವವರೆಗೆ ನದಿಯಲ್ಲಿ ಒಂದು ವರ್ಷ ಹೆಚ್ಚು ನೀರು ಬಂದರೂ, ಬರಗಾಲದಲ್ಲಿ ಕಡಿಮೆ ಬಂದರೂ ಅದರ ಗುರುತು ಬಹಳ ದಿನ ಉಳಿಯುವುದಿಲ್ಲ. ಹೊಸ ಮಾದರಿಗಳು ನಿಜವಾದ ನೀರನ್ನೇ ಸೇರಿಸಬಲ್ಲವು, ಆದರೆ ಸವರುವ ಮತ್ತು ಎಳೆಯುವ ಅಭ್ಯಾಸಗಳು ಪೂರ್ತಿ ಹೋಗಿಲ್ಲ.

ಸವರುವುದರಿಂದ ಆಗುವ ವ್ಯತ್ಯಾಸ ಎಷ್ಟೆಂದು ಯಾರು ಬೇಕಾದರೂ ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಬಹುದು. ಮೂವತ್ತೈದು ಟಿಎಂಸಿ ನೀರೆಂದರೆ ಸುಮಾರು ಒಂದು ಘನ ಕಿಲೋಮೀಟರ್. ಲಿಂಗನಮಕ್ಕಿಯ ಒಟ್ಟು ಸಾಮರ್ಥ್ಯ 151 ಟಿಎಂಸಿಗೂ ಮೇಲಿರುವಾಗ ಮಲೆನಾಡಿನ ಮಳೆಗಾಲಕ್ಕೆ ಇದು ದೊಡ್ಡ ಮೊತ್ತವಲ್ಲ. ನೂರು ಕಿಲೋಮೀಟರ್ ಉದ್ದಗಲದ ಚೌಕದಲ್ಲಿ, ಹತ್ತು ಮೀಟರ್ ದಪ್ಪದ ಮೇಲ್ಪದರದಲ್ಲಿ ಇಷ್ಟು ನೀರನ್ನು ಸಮನಾಗಿ ಬೆರೆಸಿದರೆ ಅದು ಆ ಪದರದ ನೂರನೇ ಒಂದು ಪಾಲು ಮಾತ್ರ. 35 ಇದ್ದ ಲವಣಾಂಶ 34.65ಕ್ಕೆ ಇಳಿಯುತ್ತದೆ, ಅಷ್ಟೇ. ಅದೇ ನೀರು ವಾಸ್ತವದಲ್ಲಿ ಆಗುವಂತೆ ದಡಕ್ಕೆ ಅಂಟಿಕೊಂಡು, ಕಾರವಾರದಿಂದ ಹೊನ್ನಾವರದವರೆಗೆ ಎಪ್ಪತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲ, ಐದು ಮೀಟರ್ ದಪ್ಪದ ಪಟ್ಟಿಯಲ್ಲಿ ನಿಂತಿತೆಂದುಕೊಳ್ಳಿ. ಆ ಪಟ್ಟಿಯ ಒಟ್ಟು ಗಾತ್ರ ಮೂರೂವರೆ ಘನ ಕಿಲೋಮೀಟರ್, ಅದರಲ್ಲಿ ಒಂದು ಪಾಲು ಹೊಳೆಯ ನೀರು, ಆದ್ದರಿಂದ ಲವಣಾಂಶ 25ಕ್ಕೆ ಕುಸಿಯುತ್ತದೆ. ನಮ್ಮ ಸಮುದ್ರದಂಥ ಬೆಚ್ಚಗಿನ ನೀರಿನಲ್ಲಿ ಲವಣಾಂಶ ಒಂದು ಗ್ರಾಂ ಕಡಿಮೆಯಾದರೆ ಸಾಂದ್ರತೆಯ ಮೇಲಾಗುವ ಪರಿಣಾಮ ಉಷ್ಣತೆ ಎರಡು ಡಿಗ್ರಿಗೂ ಹೆಚ್ಚು ಏರಿದಾಗಿನ ಪರಿಣಾಮಕ್ಕೆ ಸಮ. ಹಾಗಿರುವಾಗ ಮೊದಲ ಲೆಕ್ಕದ ಸಮುದ್ರ ಮತ್ತು ಎರಡನೆಯ ಲೆಕ್ಕದ ಸಮುದ್ರ ಒಂದೇ ರೀತಿ ಹರಿಯುವುದಕ್ಕೆ ಸಾಧ್ಯವಿಲ್ಲ.

ಇನ್ನು ಅಳಿವೆಯ ಒಳಗೆ ನಡೆಯುವುದನ್ನು ನೋಡೋಣ. ಆಗಸ್ಟ್ ಕೊನೆಗೆ ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ, ಉಬ್ಬರ ಏರುವ ಹೊತ್ತಿಗೆ ಕೋಡಿಬಾಗದ ಕಡೆಯಿಂದ ದೋಣಿಯಲ್ಲಿ ಹೋಗಿ ಕಾಳಿಯ ಮೇಲ್ನೀರನ್ನು ಬಾಟಲಿಯಲ್ಲಿ ತುಂಬಿಕೊಳ್ಳಬೇಕು. ಇನ್ನೊಂದು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ತಳಕ್ಕೆ ಇಳಿಸಿ ಅಲ್ಲಿ ಬಿರಡೆ ಎಳೆಯಬೇಕು. ಎರಡರಿಂದಲೂ ಒಂದೊಂದು ಹನಿಯನ್ನು ಉಪ್ಪು ಅಳೆಯುವ ಕೈಯಳತೆಯ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ, ಮೇಲಿನ ನೀರಿನ ಗೆರೆ ಅಳತೆಪಟ್ಟಿಯ ಬುಡದ ಹತ್ತಿರವೂ ತಳದ ನೀರಿನದು ಬಹಳ ಮೇಲೂ ನಿಲ್ಲುತ್ತದೆ. ಮೇಲೆ ಹೊಳೆ ಸಮುದ್ರಕ್ಕೆ ಹೋಗುತ್ತಿರುವಾಗಲೇ ಕೆಳಗೆ ಸಮುದ್ರ ಹೊಳೆಯೊಳಗೆ ಬರುತ್ತಿರುತ್ತದೆ. ಬಲೆ ಬಿಡುವ ನಮ್ಮ ಮೀನುಗಾರರಿಗೆ ಇದು ಗೊತ್ತಿರುವ ಸಂಗತಿ. ಬಲೆಯ ಮೇಲಂಚು ಒಂದು ಕಡೆಗೂ ಕೆಳಗಿನ ಭಾರದಂಚು ಇನ್ನೊಂದು ಕಡೆಗೂ ಎಳೆಯುವುದನ್ನು ಅವರು ಕೈಯಲ್ಲೇ ಅರಿಯುತ್ತಾರೆ.

ಈ ಎರಡು ಹರಿವುಗಳ ಲೆಕ್ಕವನ್ನು ಡೆನ್ಮಾರ್ಕಿನ ವಿಜ್ಞಾನಿ ಮಾರ್ಟಿನ್ ಕ್ನುಡ್ಸೆನ್ 1900ರಲ್ಲಿಯೇ ಸರಳವಾಗಿ ಬರೆದಿಟ್ಟಿದ್ದಾರೆ. ಅಳಿವೆಗೆ ಒಳಬಂದ ಉಪ್ಪು ಮತ್ತು ಹೊರಹೋದ ಉಪ್ಪು ಸಮವಾಗಿರಬೇಕು, ನೀರಿನ ಲೆಕ್ಕವೂ ಸರಿಹೋಗಬೇಕು ಎಂಬುದಷ್ಟೇ ಅದರ ಆಧಾರ. ತಳದಲ್ಲಿ ಒಳನುಗ್ಗುವ ನೀರಿನ ಲವಣಾಂಶ 35, ಮೇಲೆ ಹೊರಹೋಗುವ ನೀರಿನದು 28 ಎಂದಿಟ್ಟುಕೊಂಡರೆ, ನದಿ ಒಂದು ಪಾಲು ನೀರು ತಂದಾಗ ಸಮುದ್ರದಿಂದ ನಾಲ್ಕು ಪಾಲು ಒಳಬಂದು, ಒಟ್ಟು ಐದು ಪಾಲು ಮೇಲ್ಪದರದಲ್ಲಿ ಹೊರಹೋಗುತ್ತದೆ. ನಾಲ್ಕನ್ನು 35ರಿಂದ ಗುಣಿಸಿದರೂ ಐದನ್ನು 28ರಿಂದ ಗುಣಿಸಿದರೂ 140 ಬರುವುದನ್ನು ಹೈಸ್ಕೂಲಿನ ಮಕ್ಕಳೂ ತಾಳೆ ನೋಡಬಹುದು. ನದಿಯ ನೀರನ್ನು ಉಪ್ಪಿಲ್ಲದ ಒಂದು ಪಾಲಾಗಿ ಮಾತ್ರ ಮೇಲಿನಿಂದ ಸುರಿಯುವ ಮಾದರಿಯಲ್ಲಿ ಹೊರಹೋಗುವ ಐದು ಪಾಲೂ ಇಲ್ಲ, ಒಳಬರುವ ನಾಲ್ಕು ಪಾಲೂ ಇಲ್ಲ. ಕರಾವಳಿಯ ತಳದ ನೀರನ್ನು ಒಳಗೆ ಸೆಳೆದು ಮೇಲಕ್ಕೆ ಕಳಿಸುವ ಒಂದು ದೊಡ್ಡ ಚಲನೆಯೇ ಅಲ್ಲಿ ಬಿಟ್ಟುಹೋಗುತ್ತದೆ. ಅಮೆರಿಕದ ಮೈಕಲ್ ವಿಟ್ನಿ, ಫ್ರಾಂಕ್ ಬ್ರಯನ್ ಮೊದಲಾದವರು 2017ರಲ್ಲಿ ಪ್ರಕಟಿಸಿದ ಕೆಲಸ ಈ ಕೊರತೆಯನ್ನೇ ಕುರಿತದ್ದು: ಮಾದರಿಗೆ ಕಾಣದ ಪ್ರತಿ ಅಳಿವೆಯ ಜಾಗದಲ್ಲಿ ಎರಡು ಪದರದ ಒಂದು ಪೆಟ್ಟಿಗೆಯನ್ನು ಇಟ್ಟು, ನದಿಯ ಹರಿವು, ಉಬ್ಬರ ಮತ್ತು ಅಳಿವೆಯ ಆಳ ಅಗಲಗಳಿಂದ ಈ ವಿನಿಮಯವನ್ನು ಲೆಕ್ಕ ಹಾಕುವ ವಿಧಾನ ಅದು. ನನ್ನ ಮಟ್ಟಿಗೆ ಇದು ಸರಿಯಾದ ದಾರಿ. ಎಲ್ಲ ಚೌಕಗಳನ್ನೂ ನೂರು ಮೀಟರಿಗೆ ಇಳಿಸುವಷ್ಟು ಗಣಕಶಕ್ತಿ ಬರುವವರೆಗೆ ಕಾಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆ ಪೆಟ್ಟಿಗೆಗೆ ಪ್ರತಿ ನದಿಯ ಹರಿವನ್ನು ಯಾರಾದರೂ ಕೊಡಲೇಬೇಕು.

ನಮ್ಮ ಜಿಲ್ಲೆಯ ಮಾತು ಮುಖ್ಯವಾಗುವುದು ಇಲ್ಲಿ. ಅಘನಾಶಿನಿ ಮತ್ತು ಶರಾವತಿಯ ಅಳಿವೆಗಳ ನಡುವೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನ ಅಂತರವಿದೆ. ಬೀಳುವ ಮಳೆ ಒಂದೇ ಬಗೆಯದು, ಘಟ್ಟ ಒಂದೇ, ಎದುರಿಗಿರುವ ಸಮುದ್ರವೂ ಒಂದೇ. ಆದರೂ ಎರಡು ಹೊಳೆಗಳ ವರ್ಷದ ನಡೆ ಪೂರ್ತಿ ಬೇರೆ. ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವುದರಿಂದ ಮಳೆಗಾಲದಲ್ಲಿ ಅದರ ಅಳಿವೆ ಸಿಹಿಯಾಗಿ, ಬೇಸಿಗೆಯಲ್ಲಿ ಸಮುದ್ರದಷ್ಟೇ ಉಪ್ಪಾಗುತ್ತದೆ. ಆ ಏರಿಳಿತವನ್ನು ನಂಬಿಯೇ ಅಳಿವೆಯಂಚಿನ ಗಜನಿ ಗದ್ದೆಯವರು ಮಳೆ ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ, ಸಾಣಿಕಟ್ಟೆಯವರು ಮಳೆ ಮುಗಿದು ಅಳಿವೆಯ ನೀರು ಮತ್ತೆ ಉಪ್ಪಾದ ಮೇಲೆ ಉಪ್ಪು ತೆಗೆಯುವ ಆಗರಗಳಿಗೆ ನೀರು ತೆಗೆದುಕೊಳ್ಳುತ್ತಾರೆ, ತದಡಿ ಸುತ್ತಿನ ಹೆಂಗಸರೂ ಗಂಡಸರೂ ಇಳಿತದ ಹೊತ್ತಿನಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಶರಾವತಿಯಲ್ಲಾದರೋ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಮಳೆಗಾಲದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮತ್ತು ವಿದ್ಯುತ್ ಉತ್ಪಾದನೆಗಾಗಿ ಬಿಟ್ಟ ನೀರು ಗೇರುಸೊಪ್ಪೆಯಿಂದ ಕೆಳಗೆ ಬೇಸಿಗೆಯಲ್ಲಿಯೂ ಹರಿಯುತ್ತಲೇ ಇರುತ್ತದೆ. ಅದರಿಂದ ಅಳಿವೆಯ ಲವಣಾಂಶ ತಗ್ಗಿ, ಉಪ್ಪುನೀರನ್ನು ಬೇಡುವ ಚಿಪ್ಪುಜೀವಿಗಳು ಅಲ್ಲಿ ನಶಿಸಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ.

ಹೀಗೆ ಪಕ್ಕಪಕ್ಕದ ಎರಡು ನದಿಗಳಲ್ಲಿ ಒಂದನ್ನು ಮಳೆ ನಡೆಸುತ್ತದೆ, ಇನ್ನೊಂದನ್ನು ಬಹುಪಾಲು ವಿದ್ಯುತ್ತಿನ ಬೇಡಿಕೆ ನಡೆಸುತ್ತದೆ. ಜಾಗತಿಕ ಅಂಕಿಅಂಶಗಳಲ್ಲಿ ಈ ಭೇದಕ್ಕೆ ಜಾಗ ಕಡಿಮೆ. ಹವಾಮಾನ ವಿಜ್ಞಾನಿಗಳಾದ ಐಗುವೊ ಡೈ ಮತ್ತು ಕೆವಿನ್ ಟ್ರೆನ್‌ಬರ್ತ್ 2002ರಲ್ಲಿ ಜಗತ್ತಿನ 921 ದೊಡ್ಡ ನದಿಗಳ ಅಳತೆಗಳನ್ನು ಒಟ್ಟುಗೂಡಿಸಿ, ಭೂಮಿಯಿಂದ ಸಾಗರಕ್ಕೆ ವರ್ಷಕ್ಕೆ ಸುಮಾರು 37 ಸಾವಿರ ಘನ ಕಿಲೋಮೀಟರ್ ನೀರು ಸೇರುತ್ತದೆ ಎಂದು ಅಂದಾಜಿಸಿದರು. ಬಹುಕಾಲ ಮಾದರಿಗಳ ಆಧಾರವಾಗಿದ್ದ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಳತೆಯಿಲ್ಲದ ಸಣ್ಣ ನದಿಗಳನ್ನು ಅದು ನೆರೆಯ ನದಿಗಳ ಹರಿವಿನಿಂದ ಊಹಿಸಬೇಕಾಯಿತು, ಮಾದರಿಗಳಿಗೆ ಅದು ಸಿಗುತ್ತಿದ್ದದ್ದೂ ಹೆಚ್ಚಾಗಿ ತಿಂಗಳ ಸರಾಸರಿಯಾಗಿ. ಗಂಗೆಯಂಥ ನದಿಗೆ ತಿಂಗಳ ಸರಾಸರಿ ಸಾಕಾಗಬಹುದು. ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಒಂದೆರಡು ದಿನದಲ್ಲೇ ಸಮುದ್ರ ಸೇರುವ ನಮ್ಮ ಹೊಳೆಗಳಿಗೆ ಅದು ಸಾಲದು. 2019ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರು ಕಾಳಿಯ ದಡದ ಊರುಗಳನ್ನು ಮುಳುಗಿಸಿದ್ದನ್ನೂ 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿದ್ದನ್ನೂ ಕಂಡವರಿಗೆ, ಆ ನಾಲ್ಕಾರು ದಿನಗಳ ನೀರನ್ನು ಮೂವತ್ತು ದಿನಗಳಿಗೆ ಹಂಚಿದರೆ ಏನು ಕಳೆದುಹೋಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಈಚೆಗೆ ಜಪಾನಿನವರು ಸಿದ್ಧಪಡಿಸಿರುವ, ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಸಾಮಗ್ರಿಯಲ್ಲಿ ಕಾಲು ಡಿಗ್ರಿ ಚೌಕಕ್ಕೆ ದಿನದಿನದ ನದಿ ಹರಿವು ಇದೆ. ದೊಡ್ಡ ಹೆಜ್ಜೆಯೇ ಸರಿ, ಆದರೂ ಅದು ಹವಾಮಾನ ಮಾದರಿಯ ಮಳೆಯಿಂದ ಕಟ್ಟಿದ ಹರಿವು, ಹೊಳೆಯಲ್ಲಿ ನಿಂತು ಅಳೆದದ್ದಲ್ಲ.

ಸಮುದ್ರದಲ್ಲಿ ಒಂದಿಷ್ಟು ಉಪ್ಪು ಹೆಚ್ಚುಕಡಿಮೆಯಾದರೆ ಯಾರಿಗೇನು ಎಂದು ಕೇಳುವವರಿದ್ದಾರೆ. ಮುಂಗಾರಿನಲ್ಲಿ ನಮ್ಮ ಕರಾವಳಿಯುದ್ದಕ್ಕೂ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಆಳದ ತಣ್ಣನೆಯ, ಪೋಷಕಾಂಶ ತುಂಬಿದ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಮೇಲೇರುತ್ತದೆ. ಗೋವಾ ಮತ್ತು ಕರ್ನಾಟಕದ ಎದುರಿನ ಸಮುದ್ರದಲ್ಲಿ ಮಳೆ ಮತ್ತು ಹೊಳೆಗಳ ಸಿಹಿನೀರು ಐದು ಹತ್ತು ಮೀಟರ್ ದಪ್ಪದ ಹಗುರ ಪದರವಾಗಿ ಮೇಲೆ ಹರಡಿಕೊಳ್ಳುವುದರಿಂದ, ಏರಿಬಂದ ನೀರು ಮೇಲ್ಮೈ ಮುಟ್ಟದೆ ಅದರಡಿಯಲ್ಲೇ ನಿಲ್ಲುತ್ತದೆ; ಗಾಳಿಯ ಆಮ್ಲಜನಕವೂ ಕೆಳಗಿಳಿಯದೆ ತಳದಲ್ಲಿ ಉಸಿರುಗಟ್ಟುವ ಸ್ಥಿತಿ ಬರುತ್ತದೆ. ಭಾರತದ ಪಶ್ಚಿಮ ಕರಾವಳಿಯ ಈ ಆಮ್ಲಜನಕ ಕೊರತೆ ಜಗತ್ತಿನ ಅತಿ ದೊಡ್ಡ ಕರಾವಳಿ ಕೊರತೆ ವಲಯಗಳಲ್ಲಿ ಒಂದೆಂದು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2000ದಲ್ಲಿಯೇ ತೋರಿಸಿದ್ದಾರೆ. ಬಂಗುಡೆ, ತಾರ್ಲೆ ಎತ್ತ ಹೋದವು, ಸಿಗಡಿ ದಡಕ್ಕೇಕೆ ಬಂತು ಎಂಬ ಪ್ರಶ್ನೆಗಳಿಗೂ ಈ ಪದರಕ್ಕೂ ನಂಟಿದೆ. ಸಿಹಿನೀರಿನ ಪದರವನ್ನೇ ನೂರಾರು ಕಿಲೋಮೀಟರಿಗೆ ಸವರಿಬಿಟ್ಟ ಮಾದರಿಯಿಂದ ಇದಕ್ಕೆ ಉತ್ತರ ಸಿಗದು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ (ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಮೀನುಗಾರರಿಗೆ ಕೊಡುವ ಮೀನು ಸಿಗುವ ವಲಯಗಳ ಸೂಚನೆ ಮುಖ್ಯವಾಗಿ ಉಪಗ್ರಹ ಕಂಡ ಮೇಲ್ಮೈ ಉಷ್ಣತೆ ಮತ್ತು ಪಾಚಿಯ ಹಸಿರಿನ ಮೇಲೆ ನಿಂತಿದೆ, ಆದ್ದರಿಂದ ಲವಣಾಂಶದ ದೋಷ ಅದಕ್ಕೆ ನೇರವಾಗಿ ತಟ್ಟುವುದಿಲ್ಲ. ತಟ್ಟುವುದು ಪ್ರವಾಹ, ಚಂಡಮಾರುತ ಮತ್ತು ಮುಂಗಾರಿನ ಮುನ್ಸೂಚನೆಗೆ. ನವೆಂಬರಿನಿಂದ ಬಂಗಾಳ ಕೊಲ್ಲಿಯ ಸಪ್ಪೆ ನೀರು, ಅಂದರೆ ಗಂಗೆ, ಬ್ರಹ್ಮಪುತ್ರ, ಗೋದಾವರಿಗಳ ನೀರು ಬೆರೆತದ್ದು, ಶ್ರೀಲಂಕೆಯನ್ನು ಸುತ್ತಿ ನಮ್ಮ ಕಡೆಯ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ಆ ಹಗುರ ಪದರ ಕೆಳಗಿನ ತಂಪು ನೀರು ಬೆರೆಯದಂತೆ ತಡೆಯುವುದರಿಂದ ಏಪ್ರಿಲ್, ಮೇ ಹೊತ್ತಿಗೆ ಲಕ್ಷದ್ವೀಪದ ಸುತ್ತಣ ಸಮುದ್ರ 30 ಡಿಗ್ರಿ ಮೀರಿ ಕಾಯುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ದಡಗಳನ್ನು ಕೊರೆದುಹೋದ ತೌಕ್ತೆ ಚಂಡಮಾರುತ ಹುಟ್ಟಿದ್ದು ಅದೇ ಲಕ್ಷದ್ವೀಪದ ಕಡೆ. ಒಂದು ನದಿಯ ಬಾಯಲ್ಲಿ ಆದ ತಪ್ಪು ಆ ನದಿಯ ಊರಿಗೆ ಮಾತ್ರ ಸೀಮಿತವಾಗುವುದಿಲ್ಲ.

ತಪ್ಪನ್ನು ಅಳತೆಯಿಂದ ಹಿಡಿಯೋಣವೆಂದರೆ ಅಳತೆ ಇಲ್ಲದಿರುವುದೂ ಕರಾವಳಿಯಲ್ಲಿಯೇ. ಸಮುದ್ರದಲ್ಲಿ ತಾನೇ ಮುಳುಗೇಳುತ್ತ ಲವಣಾಂಶ ಅಳೆಯುವ ಆರ್ಗೊ ತೇಲುಯಂತ್ರಗಳು ಎರಡು ಸಾವಿರ ಮೀಟರ್ ಆಳದ ನೀರಿಗಾಗಿ ಮಾಡಿದವು, ನಮ್ಮ ಆಳವಿಲ್ಲದ ದಂಡೆಗೆ ಅವು ಬರುವುದಿಲ್ಲ. ಆಕಾಶದಿಂದ ಲವಣಾಂಶ ಅಳೆಯುವ ಉಪಗ್ರಹಗಳ ದೃಷ್ಟಿ ನಾಲ್ವತ್ತು ಕಿಲೋಮೀಟರಿನಷ್ಟು ಒರಟು, ಹತ್ತಿರ ನೆಲ ಇದ್ದರೆ ಅದರ ಸಂಕೇತವೇ ಕೆಡುತ್ತದೆ. ಹೊಳೆಗಳು ತುಂಬಿ ಹರಿಯುವ ಜೂನ್, ಜುಲೈ ತಿಂಗಳುಗಳಲ್ಲಿ ಮೀನುಗಾರಿಕೆ ನಿಷೇಧವೂ ಇರುವುದರಿಂದ ಯಾಂತ್ರಿಕ ದೋಣಿಗಳೂ ಹೊರಗೆ ಹೋಗುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಎರಡು ಕಡೆಗೆ ಇದೆ. ಕಾಳಿ ಮತ್ತು ಶರಾವತಿಯ ಜಲಾಶಯಗಳಿಂದ, ವಿದ್ಯುದಾಗಾರಗಳ ಮೂಲಕವೂ ತೂಬುಗಳ ಮೂಲಕವೂ ದಿನವೂ ಹೊರಬಿದ್ದ ನೀರಿನ ಪ್ರಮಾಣವನ್ನು ಜಲಾಶಯಗಳನ್ನು ನಿರ್ವಹಿಸುವ ನಿಗಮವು ಹಳೆಯ ವರ್ಷಗಳದ್ದೂ ಸೇರಿ ಒಂದೇ ಕಡೆ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪ್ರಕಟಿಸಬೇಕು. ಪ್ರವಾಹದ ಎಚ್ಚರಿಕೆಗಾಗಿ ಪತ್ರಿಕೆಗಳಿಗೆ ಕೊಡುವ ಅಂಕಿಯನ್ನೇ ಸಾಗರ ವಿಜ್ಞಾನಿಗಳಿಗೂ ಕೊಡುವುದರಿಂದ ಯಾರಿಗೂ ನಷ್ಟವಿಲ್ಲ. ಗಂಗಾವಳಿಯ ಮೇಲ್ಭಾಗವಾದ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ–ವರದಾ ಜೋಡಣೆಯಂಥ ಯೋಜನೆಗಳ ವರದಿಗಳಲ್ಲಿ ಸಮುದ್ರಕ್ಕೆ ಹೋಗುವ ನೀರನ್ನು ವ್ಯರ್ಥವೆಂದು ಬರೆಯುವವರು, ಆ ನೀರು ಅಳಿವೆಯಲ್ಲಿ ಎಳೆಯುವ ನಾಲ್ಕು ಪಾಲು ಸಮುದ್ರದ ನೀರಿನ ಲೆಕ್ಕವನ್ನೂ ದಡದ ಲವಣಾಂಶದಲ್ಲಿ ಆಗುವ ವ್ಯತ್ಯಾಸವನ್ನೂ ಮಾದರಿಯಿಂದ ತೋರಿಸಿದ ಮೇಲೆ ಹಾಗೆ ಬರೆಯಲಿ.

ಎರಡನೆಯ ವಿನಂತಿ ನಮ್ಮ ಜಿಲ್ಲೆಯ ಕಾಲೇಜುಗಳಿಗೆ. ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ಕೇಂದ್ರವಿದೆ. ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ ವಿಜ್ಞಾನ ಕಾಲೇಜುಗಳಿವೆ. ರಾಷ್ಟ್ರೀಯ ಹೆದ್ದಾರಿ 66 ನಾಲ್ಕೂ ಹೊಳೆಗಳನ್ನು ಸೇತುವೆಗಳ ಮೇಲೆ ದಾಟುತ್ತದೆ. ಗಂಗಾವಳಿ ಮತ್ತು ಅಘನಾಶಿನಿಯ ಸೇತುವೆಗಳು ಅಳಿವೆಯಿಂದ ಸ್ವಲ್ಪ ಮೇಲಕ್ಕಿದ್ದರೂ ಉಪ್ಪು ಎಲ್ಲಿಯವರೆಗೆ ಏರುತ್ತದೆ ಎಂದು ತಿಳಿಯಲು ಅದೂ ಉಪಯುಕ್ತವೇ. ವಾರಕ್ಕೊಮ್ಮೆ, ಒಂದೇ ದಿನ, ಪೂರ್ಣ ಉಬ್ಬರಕ್ಕೊಮ್ಮೆ ಮತ್ತು ಪೂರ್ಣ ಇಳಿತಕ್ಕೊಮ್ಮೆ, ನಾಲ್ಕು ಕಡೆಯೂ ಮೇಲಿನ ಮತ್ತು ತಳದ ನೀರಿನ ಲವಣಾಂಶವನ್ನು ಅಳೆದು, ಗಂಟೆ ನಿಮಿಷದೊಂದಿಗೆ ಒಂದೇ ವಹಿಯಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಗೋವಾ ಮತ್ತು ಹೈದರಾಬಾದಿನ ಸಂಸ್ಥೆಗಳಿಗೆ ಕಳಿಸಬಹುದು. ಆರಂಭಿಸುವುದಾದರೆ ಮೇ ಮೊದಲ ವಾರ ಸೂಕ್ತ. ಅಳಿವೆ ಅತ್ಯಂತ ಉಪ್ಪಾಗಿರುವಾಗಿನ ಅಳತೆ ಮೊದಲು ಕೈಯಲ್ಲಿದ್ದರೆ, ಜೂನಿನ ಮೊದಲ ಮಳೆ ಅದನ್ನು ಎಷ್ಟು ದಿನದಲ್ಲಿ ತೊಳೆಯುತ್ತದೆ ಎಂಬುದು ನಾಲ್ಕೂ ಹೊಳೆಗಳಿಗೆ ಪ್ರತ್ಯೇಕವಾಗಿ ತಿಳಿಯುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಕೋಡಿಬಾಗ, ಕಾರವಾರ